ಇಳಿದರೆ ಎಷ್ಟು ಇಳಿದೀತು?

"ಇಳದ್ರ ಎಷ್ಟರ ಇಳೀತೈತ್ರಿ ಸರ, ಇರೂದ ಮೂರ ರೂಪಾಯಿ!"

ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಚಹಾದಂಗಡಿಯಲ್ಲಿ ಹೀಗೆಂದವನು ಲೇಥ್ ನಡೆಸುವ ಹುಡುಗ. ಯಾರೋ ತಾವಾಗಿಯೇ ಅವನನ್ನು ಒಂದು ಟೆಲಿಗ್ರಾಂ ಗ್ರೂಪಿಗೆ ಸೇರಿಸಿದ್ದರು. ಅಲ್ಲಿ ಒಂದು ಕಂಪನಿಯ ಹೆಸರು ಬಂದಿತ್ತು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಲಸ ವಾಪಸ್ ಬರುವ ಕಸುಬು ಅವನದು. ಅಂಥವನಿಗೂ ಮೂರು ರೂಪಾಯಿಯ ಷೇರು ಮೂವತ್ತು ಪೈಸೆಗೆ ಇಳಿಯುವುದೂ, ಮೂರು ಸಾವಿರದ್ದು ಮುನ್ನೂರಕ್ಕೆ ಇಳಿಯುವುದೂ ಒಂದೇ ಎಂದು ಹೊಳೆದಿರಲಿಲ್ಲ. ನಲವತ್ತು ಸಾವಿರ ಹಾಕಿದವನಿಗೆ ಎರಡರಲ್ಲೂ ಉಳಿಯುವುದು ನಾಲ್ಕೇ ಸಾವಿರ.

ಹೀಗೆ ಕಳೆದುಕೊಂಡವರ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ದುರಾಸೆ. ನನಗೆ ಅದು ಒಪ್ಪಿಗೆಯಿಲ್ಲ. ಓಸಿ ಚೀಟಿ ಬರೆಸುವವನು ಅದು ಜೂಜೆಂದು ಗೊತ್ತಿದ್ದೇ ಬರೆಸುತ್ತಾನೆ. ಈ ಹುಡುಗ ಹಾಗೆ ಮಾಡಲಿಲ್ಲ. ನಾಲ್ಕು ದಿನ ಸುಮ್ಮನೆ ನೋಡಿದ. ಷೇರು ದಿನವೂ ಐದು ಪರ್ಸೆಂಟ್ ಏರಿತು. ಐದನೆಯ ದಿನ ಕೊಂಡ. ಅವನ ಪ್ರಕಾರ ಅವನು ಪರೀಕ್ಷೆ ಮಾಡಿಯೇ ನಂಬಿದ್ದ. ಆ ಪರೀಕ್ಷೆಯನ್ನೇ ಗ್ರೂಪು ನಡೆಸುವವರು ಮೊದಲು ಕೈವಶ ಮಾಡಿಕೊಂಡಿದ್ದರು ಎಂಬುದು ಅವನಿಗೆ ಗೊತ್ತಾಗುವ ಬಗೆಯಾದರೂ ಯಾವುದು?

ದನದ ಸಂತೆ ಕಂಡವರಿಗೆ ಇದು ಹೊಸದಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವಲ್ಲಿ, ಪಕ್ಕದಲ್ಲೇ ನಿಂತು "ಎಂಥಾ ಎತ್ತು!" ಎಂದು ಬೆಲೆ ಏರಿಸುವ ಗಿರಾಕಿ ದಲಾಲಿಯ ಮನುಷ್ಯನೇ ಆಗಿರಬಹುದು. ಷೇರುಪೇಟೆಯಲ್ಲಿ ಆ ಗಿರಾಕಿಯ ಮುಖ ಕಾಣುವುದಿಲ್ಲ, ಅಷ್ಟೇ. ಕೇಳುವವರಿಲ್ಲದ ಕಂಪನಿಯ ಷೇರನ್ನು ಹತ್ತಾರು ಖಾತೆಗಳ ಮಧ್ಯೆ ತಾವೇ ಮಾರಿ ತಾವೇ ಕೊಂಡರೆ ಬೆಲೆ ಏರುತ್ತದೆ. ದಿನಕ್ಕೆ ಐದು ಪರ್ಸೆಂಟ್ ಮಿತಿಯಿದ್ದರೂ ಹದಿನೈದು ದಿನದ ವಹಿವಾಟಿನಲ್ಲಿ ಅದು ಎರಡು ಪಟ್ಟು ದಾಟುತ್ತದೆ. ಪರದೆಯ ಮೇಲಿನ ಏರಿಕೆ ಸುಳ್ಳಲ್ಲ. ಅದರ ಹಿಂದಿನ ಬೇಡಿಕೆ ಸುಳ್ಳು. ಎಲ್ಲ ಖಾತೆಗಳಲ್ಲೂ ಸರಕು ತುಂಬಿದ ಮೇಲೆ ಅದನ್ನು ಇಳಿಸಿಕೊಳ್ಳಲು ಯಾರಾದರೂ ಬೇಕಲ್ಲ. ಟಿಪ್ಸ್ ಬರುವುದು ಆ ಹೊತ್ತಿಗೆ.

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ಇದರ ಮೈಕಟ್ಟೆಲ್ಲ ಬಯಲಾಯಿತು. 2022ರ ಜುಲೈಯಲ್ಲಿ ಯೂಟ್ಯೂಬ್ ಚಾನೆಲ್‌ಗಳು ಈ ಕಂಪನಿಯನ್ನು ಅದಾನಿ ಸಮೂಹ ಕೊಳ್ಳಲಿದೆ ಎಂದು ಸುಳ್ಳು ಹಬ್ಬಿಸಿದವು. ಆ ವಿಡಿಯೊಗಳನ್ನು ಜನರ ಮುಂದೆ ತಳ್ಳಲು ಜಾಹೀರಾತಿಗೇ ಕೋಟಿಗಟ್ಟಲೆ ಸುರಿಯಲಾಗಿತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2023ರ ಮಾರ್ಚ್ ಆದೇಶದ ಪ್ರಕಾರ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಅದೇ ಹೊತ್ತಿಗೆ ಕೆಲವು ಪ್ರವರ್ತಕರು ತಮ್ಮ ಪಾಲು ಮಾರಿ ಹೊರಬಿದ್ದರು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ 59 ಮಂದಿಗೆ ನಿರ್ಬಂಧ ಬಿತ್ತು. ವಿಡಿಯೊ ಬಂದದ್ದಕ್ಕೂ ತೀರ್ಪು ಬಂದದ್ದಕ್ಕೂ ನಡುವೆ ಸುಮಾರು ಮೂರು ವರ್ಷ. ಸೆಬಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಕಾವಲುಗಾರ ಬರುವಷ್ಟರಲ್ಲಿ ಕಣ ಖಾಲಿಯಾಗಿರುತ್ತದೆ ಎಂಬ ಲೆಕ್ಕ ಇಟ್ಟುಕೊಂಡೇ ಇರಬೇಕು. ಇಂಥ ಸಲಹೆಯ ಎಸ್ಸೆಮ್ಮೆಸ್‌ಗಳಿಗೆ 2017ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಕಡಿವಾಣ ಹಾಕಿತ್ತು. ದಂಧೆ ಟೆಲಿಗ್ರಾಂಗೆ ಬಿಡಾರ ಬದಲಿಸಿತು.

ಹಾಗಾದರೆ ಕಂಪನಿ ಒಳ್ಳೆಯದೋ ಕೆಟ್ಟದೋ ಎಂದು ವಿಚಾರಿಸುವುದೇ ದಾರಿಯೇ? ಅದು ಎರಡನೆಯ ಪ್ರಶ್ನೆ. ಪುಕ್ಕಟೆ ಸಲಹೆ ಬಂದಾಗ ಮೊದಲು ಕೇಳಬೇಕಾದದ್ದು, ನಾನು ಕೊಳ್ಳುವಾಗ ಮಾರುತ್ತಿರುವವರು ಯಾರು ಎಂದು. ಇದಕ್ಕೆ ಉತ್ತರ ಸ್ವಲ್ಪ ಮಟ್ಟಿಗೆ ಸಿಗುತ್ತದೆ ಕೂಡ. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ತನ್ನ ಷೇರು ಯಾರ್ಯಾರ ಕೈಯಲ್ಲಿದೆ ಎಂಬ ಪಟ್ಟಿ ಕೊಡಬೇಕು; ಬಿಎಸ್‌ಇ ಜಾಲತಾಣದಲ್ಲಿ ಅದು ಬಿಟ್ಟಿ ಸಿಗುತ್ತದೆ. ಪ್ರವರ್ತಕರ ಪಾಲು ಕರಗುತ್ತಾ ಸಣ್ಣವರ ತಲೆಯೆಣಿಕೆ ಏರುತ್ತಿದ್ದರೆ ಬೇರೆ ಜ್ಯೋತಿಷಿ ಬೇಕಿಲ್ಲ. ತೊಡಕೆಂದರೆ ಪಟ್ಟಿ ತಡವಾಗಿ ಬರುತ್ತದೆ. ಆದ್ದರಿಂದಲೇ ಟಿಪ್ಸ್ ಕೊಡುವವನಿಗೆ "ಇವತ್ತೇ, ಮಾರುಕಟ್ಟೆ ಮುಚ್ಚುವುದರೊಳಗೆ" ಎಂಬ ಅವಸರ. ಮುಂದಿನ ಪಟ್ಟಿ ಬರಲಿ, ನೋಡೋಣ ಎಂದವನು ಅವನಿಗೆ ಯಾವ ಉಪಯೋಗಕ್ಕೂ ಇಲ್ಲ.

ಸಲಹೆಗಾರನ ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲೇ ತಾಳೆ ನೋಡಬೇಕು, ನಿಜ. ಆದರೆ ಬೇರೊಬ್ಬರ ಸಂಖ್ಯೆಯನ್ನು ತನ್ನದೆಂದು ಅಂಟಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ನಾನಂತೂ ಸಂಖ್ಯೆಗಿಂತ ಅವಸರವನ್ನು ಹೆಚ್ಚು ಗಮನಿಸುತ್ತೇನೆ.

ತಿಂಗಳ ಮೇಲೆ ಅದೇ ಚಹಾದಂಗಡಿಯಲ್ಲಿ ಹುಡುಗ ಮತ್ತೆ ಸಿಕ್ಕ. ಷೇರು ದಿನವೂ ಐದು ಪರ್ಸೆಂಟ್ ಇಳಿಯುತ್ತಿತ್ತು, ಕೊಳ್ಳುವವರ ಸಾಲು ಖಾಲಿ. ಗ್ರೂಪು ಮಾಯವಾಗಿತ್ತು. ಪಾಳಿಗೆ ಹೋಗುವ ಮುಂಚೆ ದಿನಾ ಮಾರಾಟದ ಆರ್ಡರ್ ಹಾಕುತ್ತಾನಂತೆ, ಸಂಜೆ ಅದು ತಾನೇ ರದ್ದಾಗುತ್ತದಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಸೆಬಿಗಾದರೂ ದೂರು ಕೊಡು ಎಂದೆ. ಲೋಟ ಕೆಳಗಿಟ್ಟು ನಕ್ಕ.

"ಏನಂತ ಬರೀಲ್ರಿ ಸರ? ಒತ್ತಿದ್ದು ನನ್ನ ಬೆರಳ ಅಲ್ಲೇನ್ರಿ?"