ಮನೆಯಂಗಳ: ‘ಕೋಕೊ’ ಮೇಲೋ, ‘ಎನ್‌ಕಾಂಟೊ’ ಮೇಲೋ?

ರಜೆ ಬಂತೆಂದರೆ ನಮ್ಮ ಬಳಗದ ತಾಯಿತಂದೆಗಳಿಗೆ ಒಂದೇ ಚಿಂತೆ. ಮಕ್ಕಳನ್ನು ಊರಿಗೆ ಕಳಿಸೋಣವೆಂದರೆ ರೈಲಿನಲ್ಲಿ ಜಾಗ ಸಿಕ್ಕುವುದಿಲ್ಲ. ಮುಂಬಯಿಯಲ್ಲಿಯೇ ಇಟ್ಟುಕೊಳ್ಳೋಣವೆಂದರೆ ಎರಡು ಕೋಣೆಯ ಮನೆ ಅವರ ಗದ್ದಲಕ್ಕೆ ಸಾಲುವುದಿಲ್ಲ. ಕೊನೆಗೆ ಎಲ್ಲರೂ ಸಿನೇಮಾಕ್ಕೆ ಶರಣು ಹೋಗುತ್ತಾರೆ. ಆದ್ದರಿಂದಲೇ ಸಂಘದ ಸಮಾರಂಭಗಳಲ್ಲಿ ಈ ಅಂಕಣದ ಓದುಗರು ನಮ್ಮನ್ನು ತಡೆದು, “ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನೋಡುವಂಥ ಚಿತ್ರ ಯಾವುದಿದೆ, ಹೇಳಿರಿ” ಎಂದು ಕೇಳುವುದುಂಟು. ಕೇಳುವವರಲ್ಲಿಯೂ ಎರಡು ಪಕ್ಷ. ಒಂದು ಪಕ್ಷದವರಿಗೆ ‘ಕೋಕೊ’ ಎಂದರೆ ಕಣ್ಣಲ್ಲಿ ನೀರು. ಇನ್ನೊಂದು ಪಕ್ಷದವರು ‘ಎನ್‌ಕಾಂಟೊ’ದ ಮುಂದೆ ಅದೇನು ಮಹಾ ಎನ್ನುತ್ತಾರೆ. ಎರಡೂ ಪಕ್ಷದವರು ನಮಗೆ ಬೇಕಾದವರೇ. ಆದರೂ ಈ ಸಂಚಿಕೆಯಲ್ಲಿ ಇದನ್ನು ಇತ್ಯರ್ಥ ಮಾಡಿಯೇ ಬಿಡುವುದೆಂದು ನಿಶ್ಚಯಿಸಿದ್ದೇವೆ.

ನಾವು ಸಿನೇಮಾ ಪಂಡಿತರಲ್ಲ. ಸರಕಾರೀ ಕಚೇರಿಯಲ್ಲಿ ಫೈಲಿನ ಧೂಳು ಒರೆಸುವ ಗುಮಾಸ್ತರು. ಬಿ. ಎ. ಓದಿದ್ದರ ಫಲವಾಗಿ ನಮಗೆ ಒಲಿದ ವಿದ್ಯೆ ಒಂದೇ: ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು, ಪರವಾಗಿ ಏನಿದೆ, ವಿರೋಧವಾಗಿ ಏನಿದೆ ಎಂದು ಟಿಪ್ಪಣಿ ಬರೆದು ಮೇಲಿನ ಸಾಹೇಬರಿಗೆ ಕಳಿಸುವುದು. ಈ ಫೈಲಿಗೆ ಮೇಲಿನ ಸಾಹೇಬರು ಯಾರೂ ಇಲ್ಲವಾದ್ದರಿಂದ ತೀರ್ಪಿನ ಭಾರವೂ ನಮ್ಮ ಮೇಲೆಯೇ ಬಿದ್ದಿದೆ. ಚಿತ್ರಗಳನ್ನು ಇನ್ನೂ ನೋಡದವರಿಗೆ ಒಂದು ಎಚ್ಚರಿಕೆ: ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಈ ತಕ್ಕಡಿ ತೂಗುವುದಿಲ್ಲ.

ಮೊದಲು ಸಂಗತಿಗಳು. ‘ಕೋಕೊ’ ಪಿಕ್ಸಾರ್ ಸಂಸ್ಥೆಯವರು 2017ರಲ್ಲಿ ಹೊರತಂದ ಅನಿಮೇಷನ್ ಚಿತ್ರ. ನಿರ್ದೇಶಕರು ಲೀ ಅಂಕ್ರಿಚ್, ಸಹನಿರ್ದೇಶಕರು ಏಡ್ರಿಯನ್ ಮೊಲೀನಾ. ‘ಎನ್‌ಕಾಂಟೊ’ 2021ರದು, ವಾಲ್ಟ್ ಡಿಸ್ನಿ ಅನಿಮೇಷನ್ ಸ್ಟುಡಿಯೋದ 60ನೆಯ ಚಿತ್ರ. ನಿರ್ದೇಶಕರು ಬೈರನ್ ಹೊವಾರ್ಡ್ ಮತ್ತು ಜೇರೆಡ್ ಬುಷ್. ಹಾಡುಗಳು ಲಿನ್-ಮಾನ್ಯುಯೆಲ್ ಮಿರಾಂಡ ಅವರವು. ಪಿಕ್ಸಾರ್ 2006ರಿಂದ ಡಿಸ್ನಿಯ ಒಡೆತನದಲ್ಲಿಯೇ ಇರುವುದರಿಂದ ಇದು ಒಂದೇ ಮನೆಯ ಇಬ್ಬರು ಮಕ್ಕಳ ಸ್ಪರ್ಧೆ. ಅನಿಮೇಷನ್ ಚಿತ್ರಕ್ಕೆ ಸಲ್ಲುವ ಆಸ್ಕರ್ ಬಹುಮಾನ ‘ಕೋಕೊ’ಗೆ 2018ರಲ್ಲಿ, ‘ಎನ್‌ಕಾಂಟೊ’ಗೆ 2022ರಲ್ಲಿ ಸಂದಿತು. ಬಹುಮಾನ ನೋಡಿ ತೀರ್ಮಾನ ಮಾಡುವ ಸುಲಭದ ದಾರಿ ಇಲ್ಲಿಗೆ ಮುಚ್ಚಿತು.

ಒಂದರ ನೆಲ ಮೆಕ್ಸಿಕೋ, ಇನ್ನೊಂದರ ನೆಲ ಕೊಲಂಬಿಯಾ. ಆದರೆ ಎರಡರಲ್ಲಿಯೂ ನಮಗೆ ಪರಿಚಯದ ಮೂರು ವಸ್ತುಗಳಿವೆ: ತುಂಬಿದ ಮನೆ, ಅಜ್ಜಿಯ ಮಾತೇ ಕಾನೂನು, ಮತ್ತು ಹೆಸರೆತ್ತಬಾರದ ಒಬ್ಬ ಮನುಷ್ಯ. ಇವು ಮೂರೂ ಇಲ್ಲದ ಕನ್ನಡ ಮನೆತನ ಇದ್ದರೆ ಅವರು ನಮಗೆ ಪತ್ರ ಬರೆಯಲಿ.

‘ಕೋಕೊ’ದ ಕಥೆ ಚಪ್ಪಲಿ ಹೊಲಿಯುವ ರಿವೆರಾ ಮನೆತನದ್ದು. ಹಿಂದೆ ಆ ಮನೆಯ ಯಜಮಾನ ಸಂಗೀತದ ಹುಚ್ಚಿನಿಂದ ಹೆಂಡತಿ ಇಮೆಲ್ಡಾಳನ್ನೂ ಪುಟ್ಟ ಮಗಳು ಕೋಕೊಳನ್ನೂ ಬಿಟ್ಟು ಹೊರಟುಹೋದ, ತಿರುಗಿ ಬರಲಿಲ್ಲ. ಇಮೆಲ್ಡಾ ಅಳುತ್ತ ಕೂಡಲಿಲ್ಲ. ಚಪ್ಪಲಿಯ ಕಸುಬು ಕಲಿತು ಮನೆತನ ಕಟ್ಟಿದಳು, ಸಂಗೀತವನ್ನು ಹೊಸ್ತಿಲ ಆಚೆ ಇಟ್ಟಳು. ನಾಲ್ಕು ತಲೆಮಾರಿನ ಮೇಲೆ, 12 ವರ್ಷದ ಮಿಗೆಲ್ ಕದ್ದು ಗಿಟಾರು ನುಡಿಸುತ್ತಾನೆ. ಅವನ ಮುತ್ತಜ್ಜಿಯೇ ಈಗ ಗಾಲಿಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಮರೆಯುತ್ತಿರುವ ಕೋಕೊ. ಅಗಲಿದವರು ವರ್ಷಕ್ಕೊಮ್ಮೆ ಮನೆಗೆ ಬರುವ ಹಬ್ಬದ ರಾತ್ರಿ, ಹುಡುಗ ಜೀವಂತವಾಗಿಯೇ ಸತ್ತವರ ಲೋಕಕ್ಕೆ ಹೋಗಿ ಬೀಳುತ್ತಾನೆ.

ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದವರು ಆಚರಿಸುವ ಈ ಹಬ್ಬವನ್ನು ಯುನೆಸ್ಕೋ 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಿರಿಯರ ಫೋಟೋ ಇಟ್ಟು, ಅವರಿಗೆ ಪ್ರಿಯವಾದ ತಿಂಡಿ ಬಡಿಸಿ, ದೀಪ ಹಚ್ಚುತ್ತಾರೆ. ಪಿತೃಪಕ್ಷದಲ್ಲಿ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತವರು ದಾಟಿ ಬರುವ ಸೇತುವೆ ಚಿತ್ರದಲ್ಲಿ ಚೆಂಡುಹೂವಿನದು. ದಸರೆಗೆ ನಾವು ದಾದರಿನ ಪೇಟೆಯಿಂದ ಹೊತ್ತು ತರುವ ಚೆಂಡುಹೂವಿನ ತವರೂ ಮೆಕ್ಸಿಕೋವೇ. ಹೂವು ವಲಸೆ ಬಂದು ನಮ್ಮ ತೋರಣದಲ್ಲಿ ಸೇರಿಹೋಗಿದೆ. ಅದನ್ನು ಯಾರೂ ಪರದೇಶಿ ಎನ್ನುವುದಿಲ್ಲ.

ಗುಮಾಸ್ತರಿಗೆ ಪ್ರಿಯವಾದ ಒಂದು ವಿಷಯ ಇಲ್ಲಿ ಹೇಳಬೇಕು. ಸತ್ತವರ ಲೋಕದಲ್ಲಿಯೂ ಕಚೇರಿ ಇದೆ, ಸಾಲು ಇದೆ, ತಪಾಸಣೆ ಇದೆ. ಮನೆಯವರು ನಿಮ್ಮ ಫೋಟೋ ಇಟ್ಟಿದ್ದರೆ ಮಾತ್ರ ಸೇತುವೆ ದಾಟಲು ಪರವಾನಗಿ. ಹೊರಗಿನ ಲೋಕದಲ್ಲಿಯೂ ಈ ಚಿತ್ರಕ್ಕೆ ಒಂದು ಅರ್ಜಿಯ ಕಥೆ ಉಂಟು. 2013ರಲ್ಲಿ ಡಿಸ್ನಿಯವರು ಹಬ್ಬದ ಹೆಸರನ್ನೇ ತಮ್ಮ ವ್ಯಾಪಾರದ ಗುರುತಾಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿದರು. ದೊಡ್ಡ ಗಲಾಟೆಯಾಗಿ ಅರ್ಜಿ ಹಿಂದಕ್ಕೆ ಹೋಯಿತು. ಅದನ್ನು ಕಟುವಾಗಿ ಲೇವಡಿ ಮಾಡಿದ ವ್ಯಂಗ್ಯಚಿತ್ರಕಾರ ಲಾಲೊ ಅಲ್ಕಾರಾಸ್ ಅವರನ್ನೇ ಮುಂದೆ ಚಿತ್ರಕ್ಕೆ ಸಲಹೆಗಾರರನ್ನಾಗಿ ಕರೆದುಕೊಂಡರು. ಬೈದವನನ್ನೇ ಕರೆದು ಕೇಳಿದ್ದರಿಂದ ಚಿತ್ರಕ್ಕೆ ಒಳ್ಳೆಯದೇ ಆಗಿದೆ.

ಇನ್ನು ‘ಎನ್‌ಕಾಂಟೊ’. ಆಲ್ಮಾ ಎಂಬ ತರುಣಿ ಗಂಡ ಪೆಡ್ರೊನೊಡನೆ, ಮೂರು ಅವಳಿ ಕೂಸುಗಳನ್ನು ಎತ್ತಿಕೊಂಡು, ಹಿಂಸೆಗೆ ಹೆದರಿ ಊರು ಬಿಟ್ಟು ಓಡುತ್ತಾಳೆ. ದಾರಿಯಲ್ಲಿ ಪೆಡ್ರೊ ಕೊಲೆಯಾಗುತ್ತಾನೆ. ಅವಳ ಕೈಯಲ್ಲಿದ್ದ ಮೇಣದ ಬತ್ತಿ ಪವಾಡದ ಬತ್ತಿಯಾಗಿ, ಬೆಟ್ಟಗಳ ನಡುವೆ ಒಂದು ಜೀವಂತ ಮನೆ ಎದ್ದು ನಿಲ್ಲುತ್ತದೆ. ಮುಂದೆ ಆ ಮನೆಯ ಪ್ರತಿ ಮಗುವಿಗೂ ಒಂದೊಂದು ವರ: ಒಬ್ಬಳ ಅಡಿಗೆ ಉಂಡರೆ ಗಾಯ ಮಾಯುತ್ತದೆ, ಒಬ್ಬಳು ಕತ್ತೆಗಳನ್ನು ಹೆಗಲ ಮೇಲೆ ಹೊರುತ್ತಾಳೆ, ಒಬ್ಬಳು ನಡೆದಲ್ಲೆಲ್ಲ ಹೂವು ಅರಳುತ್ತದೆ. 15 ವರ್ಷದ ಮೊಮ್ಮಗಳು ಮಿರಾಬೆಲ್‌ಗೆ ಮಾತ್ರ ಯಾವ ವರವೂ ಇಲ್ಲ. ಭವಿಷ್ಯ ಕಾಣುವ ವರ ಪಡೆದ ಬ್ರೂನೊಮಾವ ಕೆಟ್ಟದ್ದನ್ನೇ ನುಡಿಯುತ್ತಾನೆಂದು ಅವನ ಹೆಸರನ್ನೇ ಯಾರೂ ಎತ್ತುವುದಿಲ್ಲ. ಹೊರಗೆ ಮನೆ ಥಳಥಳ. ಒಳಗೆ ಗೋಡೆ ಬಿರುಕು ಬಿಡುತ್ತಿದೆ.

ಈ ಕಥೆಯಲ್ಲಿ ಕೇಡಿಗನಿಲ್ಲ. ತಪ್ಪೆಲ್ಲ ಪ್ರೀತಿಯುಳ್ಳ ಅಜ್ಜಿಯದೇ. ಒಮ್ಮೆ ಎಲ್ಲವನ್ನೂ ಕಳೆದುಕೊಂಡವಳಿಗೆ ಇನ್ನೊಮ್ಮೆ ಕಳೆದುಕೊಳ್ಳುವ ಭಯ; ಆ ಭಯದ ಭಾರವೆಲ್ಲ ಮೊಮ್ಮಕ್ಕಳ ಹೆಗಲ ಮೇಲೆ. ದೊಡ್ಡ ಭಾರ ಹೊರುವ ಲೂಯಿಸಾ, ಹೊರಲಾಗದಿದ್ದರೆ ನಾನು ಯಾರು ಎಂದು ಒಳಗೊಳಗೇ ನಡುಗುವುದನ್ನು ನೋಡಿ ನಮ್ಮ ಮಗ್ಗಲು ಮನೆಯ ಹತ್ತನೆಯ ಇಯತ್ತೆಯ ಹುಡುಗಿ ನೆನಪಾದಳು. “ನಾವು ಊರು ಬಿಟ್ಟು ಬಂದು ಇಷ್ಟು ಕಷ್ಟಪಟ್ಟದ್ದು ಯಾರಿಗಾಗಿ?” ಎಂಬ ಮಾತು ವಲಸೆ ಬಂದ ಯಾವ ಮನೆಯಲ್ಲಿ ಕೇಳಿಬರುವುದಿಲ್ಲ? ಮಕ್ಕಳು ಅದಕ್ಕೆ ಉತ್ತರ ಕೊಡುವುದಿಲ್ಲ. ಅಂಕಪಟ್ಟಿ ಬಂದ ದಿನ ಬಾಗಿಲು ಹಾಕಿಕೊಂಡು ಕೂಡುತ್ತಾರೆ.

ನಮ್ಮ ಮನೆಯಾಕೆ ‘ಎನ್‌ಕಾಂಟೊ’ದ ವಕೀಲರು. ಅವರ ವಾದವನ್ನು ಇದ್ದಂತೆಯೇ ದಾಖಲೆ ಮಾಡುವುದು ನ್ಯಾಯ. “ಅಲ್ಲರೀ, ‘ಕೋಕೊ’ದಾಗ ತಪ್ಪೆಲ್ಲ ಹೊರಗಿನ ಒಬ್ಬ ಕೇಡಿಗನ ತಲೆಗೆ ಕಟ್ಟಿದರು. ಆ ಯಜಮಾನ ಮನೆಗೆ ತಿರುಗಿ ಹೊರಟಾಗ ಗೆಳೆಯ ವಿಷ ಹಾಕಿ ಕೊಂದ, ಹಾಡು ಕದ್ದ ಅಂತ ಗೊತ್ತಾದ ಮೇಲೆ ಎಲ್ಲರಿಗೂ ಸುಲಭ ಆತು. ನಮ್ಮ ಮನಿಗಳಾಗ ಹಂಗ ಯಾವಾಗ ಆಗತದ? ನಮ್ಮವರ ಮನಸ್ಸು ನೋಯಿಸೋರು ನಮ್ಮವರೇ. ಅದನ್ನ ನೇರ ಹೇಳಿದ್ದು ‘ಎನ್‌ಕಾಂಟೊ’.”

ಈ ಮಾತಿಗೆ ನಮ್ಮಲ್ಲಿ ತಟ್ಟನೆ ಉತ್ತರವಿರಲಿಲ್ಲ. ಅದು ಖರೆಯ ಮಾತು. ಹೆಸರೆತ್ತಬಾರದ ಬ್ರೂನೊ ಎಲ್ಲಿಗೂ ಹೋಗಿಲ್ಲ. ಊಟದ ಮನೆಯ ಗೋಡೆಯ ಹಿಂದೆಯೇ ಇದ್ದಾನೆ. ಗೋಡೆಯ ಆಚೆ ಮನೆಯವರ ಮೇಜು. ಈಚೆ ಅವನು ತನಗಾಗಿ ಒಂದು ತಟ್ಟೆಯ ಚಿತ್ರ ಬರೆದುಕೊಂಡು, ಅವರೊಡನೆ ಉಂಡಂತೆ ಕುಳಿತುಕೊಳ್ಳುತ್ತಾನೆ. ಎರಡೂ ಚಿತ್ರಗಳಲ್ಲಿ ನಮ್ಮನ್ನು ಅತಿ ಹೆಚ್ಚು ಕಲಕಿದ ಒಂದೇ ನೋಟ ಆರಿಸಿ ಎಂದರೆ ಬಹುಶಃ ಇದನ್ನೇ ಆರಿಸಿಯೇವು.

ಹಾಗಿದ್ದರೂ ನಮ್ಮ ತೀರ್ಪು ‘ಕೋಕೊ’ದ ಕಡೆಗೆ. ಕಾರಣಗಳು ಮೂರು.

ಮೊದಲನೆಯದು ಹಾಡು. ‘ಎನ್‌ಕಾಂಟೊ’ದಲ್ಲಿ ಹಾಡುಗಳು ಹೆಚ್ಚು, ಚುರುಕೂ ಹೆಚ್ಚು. ಬ್ರೂನೊನ ಹೆಸರಿನ ಹಾಡು 2022ರಲ್ಲಿ ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ‘ಕೋಕೊ’ದಲ್ಲಿ ಮುಖ್ಯವಾದದ್ದು ಒಂದೇ ಹಾಡು, ತನ್ನನ್ನು ನೆನೆಯಬೇಕೆಂದು ಕೇಳುವ ಹಾಡು. ಮೊದಲು ಅದನ್ನು ಆ ಕಳ್ಳ ಗೆಳೆಯ ದೊಡ್ಡ ರಂಗದ ಮೇಲೆ, ದೀಪಗಳ ಜಗಮಗದಲ್ಲಿ, ತನ್ನ ಹೆಮ್ಮೆಗಾಗಿ ಹಾಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದು ತಂದೆಯೊಬ್ಬ ದೂರ ಹೋಗುವ ಮೊದಲು ಮಗಳಿಗಾಗಿ ಕಟ್ಟಿದ ಜೋಗುಳವೆಂದು. ಕೊನೆಗೆ ಮಿಗೆಲ್ ಮುತ್ತಜ್ಜಿಯ ಮುಂದೆ ಕುಳಿತು ಮೆಲ್ಲಗೆ ಅದನ್ನೇ ಹಾಡುತ್ತಾನೆ. ಮಾತು ಅವೇ, ಮಟ್ಟು ಅದೇ. ಆದರೆ ಅರ್ಥ ತಿರುಗಿ ನಿಂತಿದೆ. ಒಂದು ಹಾಡಿನಿಂದ ಇಷ್ಟು ಕೆಲಸ ಮಾಡಿಸಿದ ಚಿತ್ರವನ್ನು ನಾವು ಬೇರೆ ಕಂಡಿಲ್ಲ.

ಎರಡನೆಯದು ಬೆಲೆ. ‘ಎನ್‌ಕಾಂಟೊ’ದ ಕೊನೆಯಲ್ಲಿ ಮನೆ ಬೀಳುತ್ತದೆ, ಎಲ್ಲರ ವರಗಳೂ ಹೋಗುತ್ತವೆ. ಅಜ್ಜಿ ಹೊಳೆಯ ದಂಡೆಯಲ್ಲಿ ಮೊಮ್ಮಗಳ ಮುಂದೆ ಮನಸ್ಸು ಬಿಚ್ಚುತ್ತಾಳೆ. ಊರವರೆಲ್ಲ ಬಂದು ಕೈಯಿಂದ ಮನೆ ಕಟ್ಟಿಕೊಡುತ್ತಾರೆ. ಚಿತ್ರ ಅಲ್ಲಿಯೇ ನಿಂತಿದ್ದರೆ ನಾವು ಮನೆಯಾಕೆಯ ಪಕ್ಷವನ್ನೇ ಸೇರುತ್ತಿದ್ದೆವು. ಆದರೆ ಬಾಗಿಲ ಹಿಡಿ ಇಟ್ಟ ಕ್ಷಣದಲ್ಲಿ ಪವಾಡ ತಿರುಗಿ ಬಂತು. ವರ ಕಳೆದುಕೊಂಡವರಿಗೆಲ್ಲ ವರ ಸಿಕ್ಕಿತು. ವರವಿಲ್ಲದೆಯೂ ಈ ಮಕ್ಕಳಿಗೆ ಮನೆಯಲ್ಲಿ ಮಾನ ಉಂಟೇ ಎಂದು ಚಿತ್ರ ತಾನೇ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಪರೀಕ್ಷೆ ರದ್ದಾಯಿತು. ‘ಕೋಕೊ’ದಲ್ಲಿ ಹೋದದ್ದು ಹೋಯಿತು. ತಂದೆ ಜೀವಂತ ಮನೆಗೆ ಬರಲಿಲ್ಲ. ಮಗಳು ಕಾಯುತ್ತ ಮುದುಕಿಯಾದಳು. ಮುಂದಿನ ಹಬ್ಬದ ಹೊತ್ತಿಗೆ ಅವಳ ಫೋಟೋವೂ ದೀಪದ ಮುಂದೆ ಬಂದಿದೆ. ಹುಡುಗನಿಗೆ ಮಾಡಲಾದದ್ದು ಇಷ್ಟೇ: ಒಂದು ಹಾಡು, ಹರಿದ ಫೋಟೋದ ಒಂದು ತುಂಡು, ಒಂದು ಹೆಸರಿನ ಮೇಲಿದ್ದ ಕಳಂಕ ತೊಳೆದದ್ದು. ನಮ್ಮ ನಿಮ್ಮ ಬದುಕಿನಲ್ಲಿ ಕೈಗೆಟಕುವುದೂ ಇಷ್ಟೇ ಅಲ್ಲವೇ?

ಮೂರನೆಯದು, ಚಿತ್ರ ಮುಗಿದ ಮೇಲೆ ಮನೆಯಲ್ಲಿ ನಡೆಯುವುದು. ‘ಎನ್‌ಕಾಂಟೊ’ ನೋಡಿದ ರಾತ್ರಿ ನಮ್ಮ ಮಕ್ಕಳು ತಮಗೆ ಯಾವ ವರ ಬೇಕೆಂದು ಜಗಳವಾಡಿ ಮಲಗಿದರು. ‘ಕೋಕೊ’ ನೋಡಿದ ರಾತ್ರಿ ಮಗಳು ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡುತ್ತ ನಿಂತು ಕೇಳಿದಳು: “ಅಜ್ಜೀ, ನಮ್ಮ ಮನೆಯಲ್ಲಿ ಫೋಟೋ ಇಲ್ಲದವರು ಯಾರು?”

ನಮ್ಮ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾವೇ ಎಂದೂ ಕೇಳಿರದ ಸಂಗತಿ ಹೇಳಿದರು. ಗದಗಿನ ಮನೆಯಲ್ಲಿ ನಮ್ಮ ಅಜ್ಜನಿಗೆ ಒಬ್ಬ ತಮ್ಮನಿದ್ದನಂತೆ. ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದನಂತೆ. ನಾಟಕದ ಕಂಪನಿಯ ಹಿಂದೆ ಹೋದ ಮೇಲೆ ಮನೆಯಲ್ಲಿ ಅವನ ಹೆಸರು ಹೇಳಬಾರದೆಂದು ಕಟ್ಟಪ್ಪಣೆಯಾಯಿತು. ಎಲ್ಲಿ ತೀರಿಕೊಂಡನೋ ಯಾರೂ ವಿಚಾರಿಸಲಿಲ್ಲ. ಅಮ್ಮನಿಗೂ ಇದು ಅವರ ಅತ್ತೆ ಒಮ್ಮೆ ಗುಟ್ಟಾಗಿ ಹೇಳಿದ್ದು. “ಹಂಗಾದ್ರ ಅವರ ಫೋಟೋ ಎಲ್ಲಿಂದ ತರೋದು?” ಎಂದಳು ಮಗಳು. “ಫೋಟೋ ಇಲ್ಲದಿದ್ರ ಏನಾತವಾ, ಹೆಸರು ಐತಲ್ಲ” ಎಂದರು ಅಮ್ಮ. ಎಂದು, ಆ ಹೆಸರನ್ನು ನಮ್ಮೆಲ್ಲರ ಮುಂದೆ ಮೊದಲ ಬಾರಿ ಹೇಳಿದರು. ಆ ವರ್ಷದ ಪಿತೃಪಕ್ಷದಲ್ಲಿ ನಮ್ಮ ಮನೆಯ ಎಡೆಗೆ ಒಂದು ಎಲೆ ಹೆಚ್ಚಾಯಿತು.

ಊರಿನಲ್ಲಿದ್ದರೆ ನೆನಪನ್ನು ಊರೇ ಕಾಯುತ್ತದೆ. ಹೊಲದ ಬದು, ಬಾವಿಯ ಕಟ್ಟೆ, ಅಗಸೆಯಲ್ಲಿ ಕುಳಿತ ಮುದುಕರು, ಯಾರ ಮಗ ನೀನು ಎಂದು ಕೇಳುವ ಹಾದಿಹೋಕರು, ಎಲ್ಲರೂ ಕಾವಲುಗಾರರು. ಮುಂಬಯಿಯಲ್ಲಿ ಆ ಕೇಳುವವರಿಲ್ಲ. ಇಲ್ಲಿ ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಯಾರೂ ನೆನೆಯದ ದಿನ ಸತ್ತವನು ಎರಡನೆಯ ಸಲ ಸಾಯುತ್ತಾನೆ ಎಂದು ‘ಕೋಕೊ’ ಹೇಳುವುದು ಮೆಕ್ಸಿಕೋದವರಿಗೆ ಮಾತ್ರ ಹೇಳಿದ್ದಲ್ಲ. ಮೂರನೆಯ ತಲೆಮಾರಿಗೆ ಅಜ್ಜನ ಊರಿನ ಹೆಸರೇ ಬಾಯಿಗೆ ಬಾರದ ಮನೆಗಳು ನಮ್ಮ ಸಂಘದಲ್ಲಿಯೇ ಇವೆ.

ಆದ್ದರಿಂದ ತೀರ್ಪು: ‘ಕೋಕೊ’ ಮೇಲು. ‘ಎನ್‌ಕಾಂಟೊ’ವನ್ನು ಬಿಡಬೇಡಿರಿ, ಪರೀಕ್ಷೆಯ ಫಲಿತಾಂಶ ಬರುವ ಹಿಂದಿನ ವಾರ ತಾಯಿತಂದೆಗಳು ಅದನ್ನು ತಪ್ಪದೆ ನೋಡಬೇಕು, ಮಕ್ಕಳ ಪಕ್ಕದಲ್ಲಿ ಕುಳಿತು ನೋಡಬೇಕು. ‘ಕೋಕೊ’ವನ್ನು ಮಾತ್ರ ಅಜ್ಜಿಯೋ ಅಜ್ಜನೋ ಮನೆಯಲ್ಲಿದ್ದಾಗ ನೋಡಿರಿ. ಇಂಗ್ಲಿಷ್ ತಿಳಿಯದ ಹಿರಿಯರಿಗೆ ಮಕ್ಕಳೇ ಕನ್ನಡದಲ್ಲಿ ಕಥೆ ಹೇಳುತ್ತ ಹೋಗಲಿ; ಅವರ ಕನ್ನಡಕ್ಕೂ ಅದು ಒಳ್ಳೆಯ ವ್ಯಾಯಾಮ. ಮುಗಿದ ಕೂಡಲೆ ಮುಂದಿನ ಚಿತ್ರಕ್ಕೆ ಕೈ ಹಾಕದೆ ಹಿರಿಯರನ್ನು ಒಂದು ಹೆಸರು ಕೇಳಿರಿ. ಅವರು ಹೇಳುವುದನ್ನು ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಯಿಸಿರಿ.

ಈ ತೀರ್ಪನ್ನು ಒಪ್ಪದವರು ತಮ್ಮ ತಕರಾರನ್ನು ಸಂಪಾದಕರಿಗೆ ಕಳಿಸಬಹುದು. ನಮ್ಮ ಮನೆಯಾಕೆಯ ತಕರಾರು ಈಗಾಗಲೇ ನಂಬರು ಒಂದಾಗಿ ದಾಖಲಾಗಿದೆ.