ಬಿಲ್ವದ ಗುಡಾರಕ್ಕೆ ಬಾಳಿಕೆಯ ಫ್ಯಾನು



ಇಷ್ಟಲಿಂಗಕ್ಕೆ ಏರಿಸುವ ಪತ್ರೆಯನ್ನು ತಮ್ಮ ಕೈಯಾರೆ ಬೆಳೆದುಕೊಳ್ಳಬೇಕೆಂಬುದು ಅನೇಕ ಮನೆತನಗಳ ಆಸೆ. ನಮ್ಮ ನಾಡಿನಲ್ಲಿ ಇದು ದೊಡ್ಡ ಮಾತಲ್ಲ. ಹಿತ್ತಿಲಲ್ಲಿಯೋ, ಮಠದ ಅಂಗಳದಲ್ಲಿಯೋ, ಗುಡಿಯ ಬಳಿಯೋ ಬಿಲ್ವದ ಮರ ಸಿಕ್ಕೇ ಸಿಗುತ್ತದೆ. ಆದರೆ ಷಿಕಾಗೊ, ಡೆಟ್ರಾಯಿಟ್, ಟೊರಾಂಟೊಗಳಂತಹ ಊರುಗಳಲ್ಲಿ ನೆಲೆಸಿರುವ ನಮ್ಮವರ ಪಾಡು ಬೇರೆ. ಅಲ್ಲಿಯ ಚಳಿಗಾಲದಲ್ಲಿ ಹೊರಗಿಟ್ಟ ನೀರು ಕಲ್ಲಾಗುತ್ತದೆ. ಕುಂಡದ ಬಿಲ್ವವನ್ನಾಗಲಿ ಕರಿಬೇವನ್ನಾಗಲಿ ಹೊರಗೆ ಬಿಟ್ಟರೆ ಉಳಿಯುವುದಿಲ್ಲ. ಆದಕಾರಣ ಮನೆಯೊಳಗೆ ಬಟ್ಟೆಯ ಗುಡಾರವೊಂದನ್ನು ನಿಲ್ಲಿಸಿ, ದೀಪ ತೂಗುಹಾಕಿ, ಗಿಡಗಳನ್ನು ಕಾಪಾಡುವ ಪದ್ಧತಿ ಬಂದಿದೆ. ಇದನ್ನು ಗ್ರೋ ಟೆಂಟ್ ಎನ್ನುತ್ತಾರೆ.

ಈ ಗುಡಾರವನ್ನು ಕಟ್ಟುವವರು ಮಣ್ಣು, ನೀರು, ಬೆಳಕುಗಳನ್ನು ಕುರಿತು ಬಹಳ ವಿಚಾರಿಸುತ್ತಾರೆ, ಗಾಳಿಯನ್ನು ಮರೆಯುತ್ತಾರೆ. ಪಂಚಭೂತಗಳಲ್ಲಿ ಒಂದನ್ನು ಬಾಗಿಲ ಹೊರಗೆ ನಿಲ್ಲಿಸಿ ಉಳಿದವುಗಳಿಂದ ಗಿಡವನ್ನು ಬದುಕಿಸುತ್ತೇವೆಂದರೆ ಆಗುವ ಕೆಲಸವಲ್ಲ. ಎಲೆಗಳು ಸದಾ ತೇವವನ್ನು ಹೊರಬಿಡುತ್ತಿರುತ್ತವೆ. ಗಾಳಿ ಅಲುಗದಿದ್ದರೆ ಆ ತೇವ ಎಲೆಯ ಸುತ್ತಲೇ ನಿಲ್ಲುತ್ತದೆ. ರಾತ್ರಿ ದೀಪವಾರಿದ ಮೇಲೆ ಗುಡಾರ ತಣ್ಣಗಾಗಿ ತೇವಾಂಶ ಇನ್ನೂ ಏರುತ್ತದೆ. ಆಗಲೇ ಬೂದಿರೋಗಕ್ಕೂ ಬೂಷ್ಟಿಗೂ ಅನುಕೂಲ. ಬಯಲಿನ ಗಾಳಿಗೆ ತೂಗಾಡಿದ ಕಾಂಡ ಗಟ್ಟಿಯಾಗುತ್ತದೆ; ಅಲುಗಾಡದ ಸಸಿ ಉದ್ದವಾಗಿ ಬೆಳೆದು ಬಾಗುತ್ತದೆ. ಆದ್ದರಿಂದ ಫ್ಯಾನು ಬೇಕು, ಅದು ರಾತ್ರಿಯೂ ತಿರುಗಬೇಕು.

ಅತ್ತಿತ್ತ ತಿರುಗುವ ಫ್ಯಾನೇ ಏಕೆ? ಒಂದೇ ಎಲೆಗೆ ಎಡೆಬಿಡದೆ ಗಾಳಿ ಹೊಡೆದರೆ ಅದರ ಅಂಚು ಒಣಗಿ ಸುರುಟಿಕೊಳ್ಳುತ್ತದೆ. ತಲೆಯಾಡಿಸುವ ಫ್ಯಾನು ಎಲ್ಲ ಗಿಡಗಳಿಗೂ ಸರದಿಯಂತೆ ಗಾಳಿಯನ್ನು ಹಂಚುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸಮನಾಗಿ ಬಡಿಸುವ ದಾಸೋಹದ ರೀತಿ ಇದು.

ಇನ್ನು ಬಾಳಿಕೆಯ ವಿಚಾರ. ನವೆಂಬರಿನಿಂದ ಮಾರ್ಚಿಯವರೆಗೆ 151 ದಿನಗಳು. ಹಗಲಿರುಳು ತಿರುಗಿದರೆ 3,624 ಗಂಟೆಗಳಾದವು. ನಡುಮನೆಯಲ್ಲಿ ದಿನಕ್ಕೆ 4 ಗಂಟೆ ಓಡುವ ಫ್ಯಾನು ಇಷ್ಟು ದುಡಿಯಲು ಸುಮಾರು ಎರಡೂವರೆ ವರ್ಷ ಬೇಕು. ಬೇಸಿಗೆಯ ನಾಲ್ಕು ದಿನದ ಸೆಖೆಗೆಂದು ಮಾಡಿದ ಅಗ್ಗದ ಫ್ಯಾನಿಗೆ ಈ ಕಾಯಕ ಭಾರವಾಗುತ್ತದೆ. ಅದು ಜನವರಿಯ ನಡುರಾತ್ರಿ ನಿಂತುಬಿಟ್ಟರೆ, ಬೀಜದಿಂದ ಮೂರು ನಾಲ್ಕು ವರ್ಷ ಸಾಕಿದ ಬಿಲ್ವ ರೋಗಕ್ಕೆ ಈಡಾದೀತು.

ಇಂತಹ ಫ್ಯಾನುಗಳಲ್ಲಿ ಬೇಗ ಸವೆಯುವ ಭಾಗಗಳು ಎರಡು. ಮೊದಲನೆಯದು ತಲೆಯನ್ನು ಹೊರಳಿಸುವ ಗೇರು. ಅದು ತೆಳುವಾದ ಪ್ಲಾಸ್ಟಿಕ್ಕಿನದಾದರೆ ಹಲ್ಲು ಸವೆದು ಟಕಟಕ ಸದ್ದು ಮಾಡುತ್ತ ಒಂದೇ ಕಡೆಗೆ ನಿಂತುಬಿಡುತ್ತದೆ. ಲೋಹದ ಗೇರು ಇದ್ದರೆ ಲೇಸು. ತಲೆ ಹೊರಳುವುದನ್ನು ಬೇಕಾದಾಗ ನಿಲ್ಲಿಸುವ ಗುಂಡಿಯೂ ಇರಲಿ. ಎರಡನೆಯದು ಬೇರಿಂಗು. ಬುಶ್ ಇರುವ ಫ್ಯಾನು ಅಗ್ಗ, ಸದ್ದೂ ಕಡಿಮೆ. ಆದರೆ ಎಣ್ಣೆ ಆರಿದರೆ ಬಿಗಿದುಕೊಳ್ಳುತ್ತದೆ, ಮುಖ ಕೆಳಗೆ ಮಾಡಿ ತೂಗುಹಾಕಿದರೆ ಇನ್ನೂ ಬೇಗ ಸವೆಯುತ್ತದೆ. ಬಾಲ್ ಬೇರಿಂಗಿನದು ಹೆಚ್ಚು ಕಾಲ ಬಾಳುತ್ತದೆ, ಯಾವ ಕೋನದಲ್ಲಿ ಕಟ್ಟಿದರೂ ನಡೆಯುತ್ತದೆ.

ಮೋಟಾರಿನಲ್ಲಿ ಈಗ ಬಿ.ಎಲ್.ಡಿ.ಸಿ. ಎಂಬ ಬಗೆ ಬಂದಿದೆ. ಅದು ಕಡಿಮೆ ವಿದ್ಯುತ್ತನ್ನು ಬಳಸುತ್ತದೆ, ಹೆಚ್ಚು ಬಿಸಿಯಾಗುವುದಿಲ್ಲ. ಸದಾ ಓಡುವ ಕೆಲಸಕ್ಕೆ ಇದು ಒಳ್ಳೆಯದು. 20 ವಾಟಿನ ಫ್ಯಾನು ಹಗಲಿರುಳು ಓಡಿದರೆ 30 ದಿನಕ್ಕೆ 14.4 ಯೂನಿಟ್, 50 ವಾಟಿನದಾದರೆ 36 ಯೂನಿಟ್. ಎರಡಡಿ ಅಗಲ, ನಾಲ್ಕಡಿ ಉದ್ದದ ಗುಡಾರಕ್ಕೆ 6 ಇಂಚಿನ, ಕೊಳವೆಗೆ ಕಚ್ಚಿಸುವ ಫ್ಯಾನು ಒಂದು ಸಾಕು. ನಾಲ್ಕಡಿ ಚೌಕದ್ದಕ್ಕೆ ಎದುರುಬದುರು ಮೂಲೆಗಳಲ್ಲಿ ಎರಡಿರಲಿ. ಒಂದು ಕೆಟ್ಟರೂ ಇನ್ನೊಂದು ಗಿಡಗಳನ್ನು ಕಾಯುತ್ತದೆ. ಗುಡಾರದ ಕೊಳವೆ ಎಷ್ಟು ದಪ್ಪ ಎಂಬುದನ್ನು ಮೊದಲೇ ಅಳೆದುಕೊಂಡು ಅದಕ್ಕೆ ಭದ್ರವಾಗಿ ಕೂರುವ ಹಿಡಿಕೆಯನ್ನೇ ಆರಿಸಬೇಕು. ಜಾರುವ ಹಿಡಿಕೆಯ ಫ್ಯಾನು ಒಂದು ದಿನ ಕುಂಡದ ಮೇಲೆಯೇ ಬೀಳುತ್ತದೆ.

ಕೊಳ್ಳುವಾಗ ಅನೇಕರು ಗಮನಿಸದ ಸಂಗತಿಯೊಂದುಂಟು. ಮುಟ್ಟಿದರೆ ಓಡುವ ಗುಂಡಿಯಿರುವ ಫ್ಯಾನುಗಳಲ್ಲಿ ಹಲವು ವಿದ್ಯುತ್ತು ಹೋಗಿ ಬಂದ ಮೇಲೆ ತಾವಾಗಿ ಓಡುವುದಿಲ್ಲ. ತಿರುಗಿಸುವ ಗುಬುಟಿನ ಫ್ಯಾನು ವಿದ್ಯುತ್ತು ಬಂದೊಡನೆ ಬಿಟ್ಟಲ್ಲಿಂದ ಕಾಯಕ ಮುಂದುವರಿಸುತ್ತದೆ. ಹಗಲು ಕೆಲಸಕ್ಕೆ ಹೋಗುವ ದಂಪತಿಗಳ ಮನೆಗೆ ಇದೇ ತಕ್ಕುದು. ಇನ್ನೊಂದು ಮಾತು: ಪ್ರೀತಿಯಿಂದ ಊರಿನಿಂದ ಫ್ಯಾನು ಒಯ್ಯುವುದು ಬೇಡ. ನಮ್ಮಲ್ಲಿ 230 ವೋಲ್ಟ್, ಅಮೆರಿಕ ಮತ್ತು ಕೆನಡಾಗಳಲ್ಲಿ ಗೋಡೆಯ ಪ್ಲಗ್ಗಿಗೆ ಬರುವುದು 120 ವೋಲ್ಟ್. ಇಲ್ಲಿಯ ಫ್ಯಾನು ಅಲ್ಲಿ ಸರಿಯಾಗಿ ಓಡುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಮನೆಮಂದಿಯ ಸುರಕ್ಷೆ. ಬಟ್ಟೆಯ ಗುಡಾರದೊಳಗೆ, ನೀರು ಚಿಮುಕಿಸುವ ಜಾಗದಲ್ಲಿ, ಎಲ್ಲರೂ ಮಲಗಿರುವಾಗ ಓಡುವ ಯಂತ್ರವಿದು. ಅಲ್ಲಿ ಯು.ಎಲ್. ಅಥವಾ ಇ.ಟಿ.ಎಲ್. ಗುರುತು, ನಮ್ಮಲ್ಲಿ ಐ.ಎಸ್.ಐ. ಗುರುತು ಇಲ್ಲದುದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಐಪಿ 44 ಎಂದು ಬರೆದಿದ್ದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆದೀತು ಎಂದು ಅರ್ಥ. ವಯರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತುಬಿದ್ದು ಮೇಲೇರಲಿ. ಹರಿದ ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ. ತಲೆ ಹೊರಳುವಾಗ ವಯರು ಎಳೆಯದಂತೆ, ಗುಡಾರದ ಬಟ್ಟೆ ತಾಗದಂತೆ ಕಟ್ಟಬೇಕು. ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು ರೆಕ್ಕೆಯ ಧೂಳನ್ನು ಒರೆಸಬೇಕು. ಧೂಳು ತುಂಬಿದ ಮೋಟಾರು ಕಾಯುತ್ತದೆ. ಸುಟ್ಟ ವಾಸನೆ ಬಂದರೆ ಒಡನೆ ನಿಲ್ಲಿಸಬೇಕು. ಗಿಡ ಹೋದರೆ ಇನ್ನೊಂದು ನೆಡಬಹುದು.

ಹೀಗೆಲ್ಲ ಮಾಡಿಯೂ ಬಿಲ್ವದ ಎಲೆ ಉದುರಿದರೆ ತಾಯಂದಿರು ಅಂಜಬಾರದು. ನಮ್ಮ ನಾಡಿನಲ್ಲಿಯೂ ಅದು ವರ್ಷಕ್ಕೊಮ್ಮೆ ಎಲೆ ಕಳಚಿ ಚಿಗುರುವ ಮರವೇ. ಪತ್ರೆಯಿಲ್ಲದ ದಿನ ಪೂಜೆ ಕೆಟ್ಟಿತೆಂಬ ಕೊರಗೂ ಬೇಡ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ಇವುಗಳಲ್ಲಿ ಪತ್ರೆಯನ್ನು ಎಣಿಸಿಲ್ಲ. ಮನಸ್ಸು ಲಿಂಗದಲ್ಲಿ ನಿಂತರೆ ಪೂಜೆ ಸಂದಿತು.

ಹಾಗಾದರೆ ಇಷ್ಟು ಶ್ರಮವೇಕೆಂದು ಕೇಳಬಹುದು. ಹಿಮದ ನಾಡಿನಲ್ಲಿ ಹುಟ್ಟಿದ ಮಗುವೊಂದು ಬೆಳಗ್ಗೆ ಎದ್ದು ಮೂರೆಲೆಯ ಪತ್ರೆಯನ್ನು ತಾನೇ ಬಿಡಿಸಿ ಅಜ್ಜಿಯ ಕೈಗಿಡುವಾಗ, ಇದೇನು, ಏಕೆ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಅವಕಾಶ ಉಳಿಯುವುದು ಗಿಡ ಮನೆಯಲ್ಲಿ ಬದುಕಿದ್ದಾಗ. ಆದ್ದರಿಂದ ವರ್ಷಕ್ಕೊಂದು ಅಗ್ಗದ ಫ್ಯಾನು ಕೊಂಡು ಕಸಕ್ಕೆ ಎಸೆಯುವ ಬದಲು, ಗೇರು ನೋಡಿ, ಬೇರಿಂಗು ವಿಚಾರಿಸಿ, ಗುರುತು ಪರೀಕ್ಷಿಸಿ ಒಂದನ್ನೇ ತನ್ನಿರಿ. ತಂದುದನ್ನು ಒರೆಸಿ ಕಾಪಾಡಿರಿ.