ಸನಾದಿಗೆ ಬಂದೂಕಿನ ಬೈರಿಗೆ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ಅಧ್ಯಯನಕ್ಕೆಂದೇ ಒಂದು ವಿಶ್ವವಿದ್ಯಾಲಯವು 2011ರಲ್ಲಿ ಸ್ಥಾಪನೆಗೊಂಡಿತು. ಅದೇ ಊರಿನ ರಾಕ್ ಗಾರ್ಡನ್ನಿನ ಶಿಲ್ಪಗಳಲ್ಲಿ ಹಳ್ಳಿಯ ಬಾಳ್ವೆಯೇ ಮೈದಾಳಿ ನಿಂತಿದೆ. ಹಾಡು, ಕಥೆ, ಕುಣಿತಗಳನ್ನು ಸಂಗ್ರಹಿಸಲು ವಿದ್ವಾಂಸರುಂಟು. ಆದರೆ ಜನಪದ ವಾದ್ಯವನ್ನು ಮಾಡುವ ಕೈಗೆ ತಕ್ಕ ಹತ್ಯಾರವನ್ನು ಒದಗಿಸುವವರು ಯಾರು? ಈ ಹೊಣೆಯಲ್ಲಿ ಭೌತವಿಜ್ಞಾನವನ್ನು ಓದುವ ನಮಗೂ ಪಾಲಿದೆಯೆಂಬುದು ನನ್ನ ಅಭಿಪ್ರಾಯ.

ಸನಾದಿಯನ್ನೇ ತೆಗೆದುಕೊಳ್ಳೋಣ. 1977ರ ‘ಸನಾದಿ ಅಪ್ಪಣ್ಣ’ ಚಲನಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ವಾದನವನ್ನು ಕೇಳಿದವರಿಗೆ ಅದರ ನಾದವನ್ನು ವರ್ಣಿಸಬೇಕಾಗಿಲ್ಲ. ಮರದ ನಳಿಗೆಯೊಳಗಿನ ವಾಯುಸ್ತಂಭದ ಕಂಪನವೇ ಆ ನಾದಕ್ಕೆ ಆಧಾರ. ಆ ಸ್ತಂಭಕ್ಕೆ ರೂಪ ಕೊಡುವುದು ಒಳಗಿನ ರಂಧ್ರ. ಮೊದಲು ನೇರವಾದ ತೂತನ್ನು ಕೊರೆದು, ಅನಂತರ ಅದನ್ನು ಒಂದು ತುದಿಯತ್ತ ಕ್ರಮವಾಗಿ ಅಗಲಿಸಬಹುದು. ಮೊದಲಿನ ತೂತೇ ಓರೆಯಾದರೆ ಮುಂದಿನ ಜಾಣ್ಮೆಯೆಲ್ಲ ವ್ಯರ್ಥವಷ್ಟೆ.

ಕಬ್ಬಿಣದಂಗಡಿಯಲ್ಲಿ ದೊರೆಯುವ ಸುರುಳಿ ಬೈರಿಗೆಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದನು. ಅದರ ಮೊನೆಯ ಕೋನವು ಸಾಮಾನ್ಯವಾಗಿ 118 ಡಿಗ್ರಿ. ಲೋಹಕ್ಕೆ ಇದು ಸರಿ. ಮರದಲ್ಲಾದರೋ ಗಟ್ಟಿ ಪದರ, ಮೆತ್ತನೆಯ ಪದರಗಳು ಬೆರೆತಿರುವುದರಿಂದ ಮೊನೆಯು ಮೆತ್ತನೆಯ ಕಡೆಗೆ ಜಾರುತ್ತದೆ. 400 ಮಿಲಿಮೀಟರ್ ಉದ್ದದ ನಳಿಗೆಯಲ್ಲಿ ಒಂದೇ ಡಿಗ್ರಿ ಓರೆಯಾದರೂ ತೂತು ಇನ್ನೊಂದು ತುದಿಯಲ್ಲಿ 7 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ!

ಎರಡನೆಯ ತೊಡಕು ಉಷ್ಣ. ತೋಪು ಕೊರೆಯುವಾಗ ಹುಟ್ಟುವ ಶಾಖದಿಂದ ನೀರು ಎರಡೂವರೆ ಗಂಟೆಯಲ್ಲಿ ಕುದಿಯುವುದನ್ನು ರಂಫರ್ಡನು ತೋರಿಸಿ, 1798ರಲ್ಲಿ ಪ್ರಕಟಿಸಿದನು. ಮರವು ಉಕ್ಕಿಗಿಂತ ನೂರಾರು ಪಾಲು ಕಡಮೆ ಉಷ್ಣವಾಹಕ. ಆಳದ ತೂತಿನಲ್ಲಿ ಹೊಟ್ಟು ಕಿಕ್ಕಿರಿದು ಉಜ್ಜಿದರೆ ಶಾಖಕ್ಕೆ ದಾರಿಯಿಲ್ಲ, ಮರ ಕರಕಾಗುತ್ತದೆ.

ಇದಕ್ಕೆ ಪರಿಹಾರವು ಬಂದೂಕಿನ ಕಾರ್ಖಾನೆಯಲ್ಲಿದೆ. ನಳಿಗೆ ಕೊರೆಯುವ ‘ಗನ್ ಡ್ರಿಲ್’ಗೆ ಕತ್ತರಿಸುವ ಅಲಗು ಒಂದೇ. ಕತ್ತರಿಸುವ ಬಲವು ಬೈರಿಗೆಯ ತಲೆಯನ್ನು ಎದುರಿನ ಗೋಡೆಗೆ ಒತ್ತಿ ಹಿಡಿಯುವುದರಿಂದ, ಈಗಾಗಲೇ ಕೊರೆದ ತೂತೇ ಮುಂದಿನ ತೂತಿಗೆ ದಾರಿ ತೋರುತ್ತದೆ. ಅದರೊಳಗಿನ ಸಣ್ಣ ನಾಳದಿಂದ ಎಣ್ಣೆ ನುಗ್ಗಿ, ಹೊರಮೈಯ ಕಾಲುವೆಯ ಮೂಲಕ ಚೂರುಗಳನ್ನು ಹೊತ್ತು ತರುತ್ತದೆ. ಮರಕ್ಕೆ ಎಣ್ಣೆ ಸಲ್ಲದು. ಅದು ಇಂಗಿ, ಹೊಟ್ಟನ್ನು ಮುದ್ದೆಯಾಗಿಸುತ್ತದೆ. ಅದೇ ನಾಳದಲ್ಲಿ ಒತ್ತಡದ ಗಾಳಿಯನ್ನು ಬಿಟ್ಟರೆ ಹೊಟ್ಟು ಹೊರಬರುವುದಲ್ಲದೆ ಅಲಗೂ ತಣ್ಣಗಾಗುವುದು. ಬೈರಿಗೆಯನ್ನು ಸ್ಥಿರವಾಗಿಟ್ಟು ಮರವನ್ನು ಲೇತಿನಲ್ಲಿ ತಿರುಗಿಸಿದರೆ ಓರೆಯು ಇನ್ನೂ ಕಡಮೆ. ಆದರೆ ಅದೇ ಅಳತೆಯ ಗಿಡ್ಡ ತೂತನ್ನು ಮೊದಲು ಕೊರೆದು, ತಲೆಯನ್ನು ಅದರೊಳಗಿಟ್ಟ ಮೇಲೆಯೇ ಲೇತನ್ನು ನಡೆಸತಕ್ಕದ್ದು. ಹೊಟ್ಟು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವೂ ಅವಶ್ಯ.

ಯಂತ್ರ ಬಂದರೆ ಜನಪದ ಕಲೆ ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ನಾನು ಒಪ್ಪಲಾರೆ. ಮರವನ್ನು ಆರಿಸುವುದು, ಸ್ವರರಂಧ್ರಗಳ ನೆಲೆಯನ್ನು ಗುರುತಿಸುವುದು, ಬಾಯಿಗಿಡುವ ಜೊಂಡಿನ ನಾಲಿಗೆಯನ್ನು ಹದಗೊಳಿಸುವುದು—ಇವೆಲ್ಲ ಕುಶಲಕರ್ಮಿಯ ಕಿವಿ ಮತ್ತು ಕೈಗೇ ಸೇರಿದವು. ಯಂತ್ರವು ವಹಿಸಿಕೊಳ್ಳುವುದು ನೇರವಾದ ತೂತನ್ನು ಮಾತ್ರ. ಒಂದು ತೂತು ಓರೆಯಾಗಿ ಕೆಟ್ಟರೆ ಒಳ್ಳೆಯ ಮರವೂ ಬಡವನ ಒಂದು ದಿನದ ದುಡಿಮೆಯೂ ಹಾಳು. ಅದನ್ನು ತಪ್ಪಿಸುವುದು ಕಲೆಗೆ ದ್ರೋಹವಾದೀತೆ?

ಆದ್ದರಿಂದ ಜಾನಪದ ವಿಶ್ವವಿದ್ಯಾಲಯವೂ ಸುತ್ತಲಿನ ಪಾಲಿಟೆಕ್ನಿಕ್ಕುಗಳೂ ಕೂಡಿ, ವಾದ್ಯ ಮಾಡುವವರಿಗಾಗಿ ಇಂತಹ ಒಂದು ಲೇತನ್ನು ಇಡಬೇಕು. ಕಾಲೇಜಿನ ವಿದ್ಯಾರ್ಥಿಗಳು ಶಿಕ್ಷಕರ ಎದುರಿನಲ್ಲಿ ಒಂದೇ ಜಾತಿಯ ಎರಡು ಮರದ ತುಂಡುಗಳನ್ನು ಎರಡು ಬಗೆಯ ಬೈರಿಗೆಗಳಿಂದ ಕೊರೆದು, ತೂತು ಎಷ್ಟು ಸರಿದಿದೆಯೆಂದು ಅಳೆದು ನೋಡಲಿ. ಬಲ, ಘರ್ಷಣೆ, ಉಷ್ಣವಹನ—ಮೂರು ಅಧ್ಯಾಯಗಳು ಒಂದೇ ತೂತಿನಲ್ಲಿ ಕೂಡಿವೆ. ಬಂದೂಕಿಗಾಗಿ ಹುಟ್ಟಿದ ಉಪಾಯವು ಸನಾದಿಯ ನಾದಕ್ಕೆ ನೆರವಾದರೆ, ವಿಜ್ಞಾನಕ್ಕೆ ಅದಕ್ಕಿಂತ ಶೋಭೆ ಬೇರೇನುಂಟು?